ಅರವತ್ಮೂರನೆಯ ಬಂದೂಕು

ಎಕಂಬಾದ ಮಡೆಪ್ಪ ತನ್ನ ಬಂದೂಕನ್ನು ಹೆಂಡತಿಯ ಹಳೆಯ ಸೀರೆಯಲ್ಲಿ ಸುತ್ತಿ, ಮಗನ ಬೈಕಿನ ಹಿಂದೆ ಕೂತು, ತೊಡೆಯ ಮೇಲೆ ಕೂಸಿನಂತೆ ಅಡ್ಡ ಮಲಗಿಸಿಕೊಂಡು ಠಾಣೆಗೆ ಬಂದ. ಚುನಾವಣೆ ಘೋಷಣೆಯಾಗಿ ನಾಲ್ಕು ದಿನವಾಗಿತ್ತು. ಹನ್ನೊಂದು ಗಂಟೆಗೇ ಬಿಸಿಲು ಏರಿತ್ತು. ಅವನಿಗಿಂತ ಮೊದಲು ಬಂದ ಏಳು ಜನ ಅಂಗಳದ ಬೇವಿನ ಮರದ ಕೆಳಗೆ ಕೂತಿದ್ದರು. ಎಲ್ಲರ ಕೈಯಲ್ಲೂ ಗೋಣಿಚೀಲ, ಚಾದರ, ಹಳೆಯ ಧೋತ್ರದಲ್ಲಿ ಸುತ್ತಿದ ಉದ್ದನೆಯ ಗಂಟು.

ಚುನಾವಣೆ ಘೋಷಣೆಯಾದ ಮೇಲೆ ಪರವಾನಗಿ ಇರುವ ಪ್ರತಿಯೊಬ್ಬರೂ ತಮ್ಮ ಬಂದೂಕನ್ನು ಠಾಣೆಗೆ ತಂದು ಒಪ್ಪಿಸಬೇಕು. ಫಲಿತಾಂಶ ಬಂದ ಮೇಲೆ ರಸೀದಿ ತೋರಿಸಿ ಮರಳಿ ಒಯ್ಯಬೇಕು. ಬ್ಯಾಂಕಿನ ಕಾವಲುಗಾರರಂಥ ಕೆಲವರಿಗೆ ಮಾತ್ರ ಜಿಲ್ಲಾ ಸಮಿತಿ ವಿನಾಯಿತಿ ಕೊಡುತ್ತದೆ. ಔರಾದ ತಾಲ್ಲೂಕಿನ ಈ ಠಾಣೆಯ ಹದ್ದಿಯಲ್ಲಿ ವಿನಾಯಿತಿ ಇಲ್ಲದ ಪರವಾನಗಿಗಳು ಅರವತ್ಮೂರು. ಮಹಾರಾಷ್ಟ್ರದ ಗಡಿಯ ಡಾಬಕಾದಿಂದ ಹಿಡಿದು ಇತ್ತ ಎಕಂಬಾದವರೆಗೆ, ಹೆಚ್ಚಿನವು ಹೊಲಕ್ಕೆ ಬರುವ ಕಾಡುಹಂದಿ ಓಡಿಸಲು ಇಟ್ಟುಕೊಂಡ ಒಂಟಿ ನಳಿಗೆಯ ಬಂದೂಕುಗಳು.

ಮೇಜಿನ ಹಿಂದೆ ಕೂತಿದ್ದ ಮಹಿಳಾ ಹೆಡ್ ಕಾನ್‌ಸ್ಟೇಬಲ್ ಸೀರೆಯ ಗಂಟು ಬಿಚ್ಚುವ ಮೊದಲು ಕೇಳಿದರು: “ತುಂಬ್ಯದೇನ್ರಿ ಕಾಕಾ?”

“ತುಂಬಾಕ ಮದ್ದು ಎಲ್ಲದ ಬಾಯಿ? ಇದು ಹಂದಿ ಕಂಡ್ರ ಕೆಮ್ಮತದ, ಅಷ್ಟ. ಹಂದಿಗಿ ನಗು ಬರ್ತದ.”

ಆಕೆ ನಗಲಿಲ್ಲ. ನಳಿಗೆ ಮಡಚಿ ತೆರೆದು ಒಳಗೆ ನೋಡಿದರು, ಕೆತ್ತಿದ ಸಂಖ್ಯೆಯನ್ನು ಪರವಾನಗಿ ಪುಸ್ತಕದ ಜೊತೆ ಎರಡು ಸಲ ಹೋಲಿಸಿದರು, ರಟ್ಟಿನ ಚೀಟಿಯ ಮೇಲೆ 41 ಎಂದು ಬರೆದು ಸುತಳಿಯಿಂದ ಬಂದೂಕಿನ ಕುದುರೆಗೆ ಕಟ್ಟಿದರು. ರಸೀದಿ ಹರಿದುಕೊಟ್ಟರು. ಮಡೆಪ್ಪ ರಸೀದಿ ಹಿಡಿದುಕೊಂಡು ಅಲ್ಲೇ ನಿಂತ. ಕತ್ತು ಚಾಚಿ ಹಿಂದಿನ ಕೋಣೆಯೊಳಗೆ ಇಣುಕಿದ.

“ಸಾಹುಕಾರ್ರದು ಯಾವುದು ಅದರಾಗ?”

“ನಿಮಗ ನಿಮ್ಮ ರಸೀದಿ ಸಿಕ್ಕದಲ್ಲ.”

“ಹಂಗಲ್ಲ ಬಾಯಿ. ಎರಡು ನಳಗಿದು, ಬೆಳ್ಳಿ ಕಟ್ಟಿದ್ದು. ಹೋದ ಸಲನೂ ಕಂಡಿಲ್ಲ, ಅದರ ಹಿಂದಿನ ಸಲನೂ ಕಂಡಿಲ್ಲ. ಎಲೆಕ್ಷನ್ ಬಂದ್ರ ಬಡವರ ಬಂದೂಕಷ್ಟ ಸಿಡೀತಾವೇನು?”

ಮರದ ಕೆಳಗಿನವರು ನಕ್ಕರು. ಆಕೆ ಪೆನ್ನಿನ ಮುಚ್ಚಳ ಹಾಕಿ ಮಡೆಪ್ಪನ ಮುಖ ನೋಡಿದರು. “ಈ ಸಲ ಬರ್ತದ.”

“ಬರದಿದ್ರ?”

“ಬಂದಿಲ್ಲಂತ ಬರೀತೇನಿ.”

ಆಕೆಯ ಹೆಸರು ಮುಸರ್ರತ ಬೇಗಂ. ವಯಸ್ಸು ನಲವತ್ತೆಂಟು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಒಂಬತ್ತು ವರ್ಷ ಬೇರೆ ಬೇರೆ ಠಾಣೆಗಳ ರೈಟರ್ ಆಗಿ ಕಳೆದಿದ್ದಾರೆ. ಠಾಣೆಯ ಕಾಗದಗಳೆಲ್ಲ ರೈಟರ್ ಕೈಯಲ್ಲಿ ಹುಟ್ಟುತ್ತವೆ. ಜಪ್ತಿ ಮಾಡಿದ ವಸ್ತುಗಳ ಕೋಣೆಯ ಚಾವಿಯೂ ಅವರ ಸೊಂಟದಲ್ಲೇ ಇರುತ್ತದೆ. ಊರವರು ಅವರನ್ನು ರೈಟರ್ ಬಾಯಿ ಎನ್ನುತ್ತಾರೆ.

ಚುನಾವಣೆಯ ಮೊದಲು ಪಿಎಸ್‌ಐ ಮತ್ತು ಮೇಲಿನ ಅಧಿಕಾರಿಗಳನ್ನು ಸ್ವಂತ ಜಿಲ್ಲೆಯಿಂದ, ಬಹಳ ದಿನ ಕೂತ ಜಾಗದಿಂದ ಬೇರೆಡೆಗೆ ಕಳಿಸುತ್ತಾರೆ. ಯಾರ ಹಂಗೂ ಇಲ್ಲದವರು ಬರಲಿ ಎಂಬುದು ಉದ್ದೇಶ. ಹೆಡ್ ಕಾನ್‌ಸ್ಟೇಬಲ್‌ಗಳಿಗೆ ಈ ನಿಯಮ ಇಲ್ಲ. ಹಾಗಾಗಿ ಚುನಾವಣೆಯ ಹೊತ್ತಿಗೆ ಠಾಣೆಯಲ್ಲಿ ಊರು ಗೊತ್ತಿಲ್ಲದ ಸಾಹೇಬರೂ ಊರೆಲ್ಲ ಗೊತ್ತಿರುವ ರೈಟರೂ ಎದುರುಬದುರು ಕೂತಿರುತ್ತಾರೆ. “ಸಾಹೇಬ್ರು ಅಂದ್ರ ಬೆಳಿ ಇದ್ಹಂಗ, ಹಂಗಾಮಿಗೊಮ್ಮೆ ಬದಲಿ. ರೈಟರ್ ಅಂದ್ರ ಬದುವಿನ ಮ್ಯಾಲಿನ ಗಿಡ” ಎಂದು ಮಡೆಪ್ಪನಂಥವರು ಹೇಳುವುದುಂಟು. ಈ ಸಲ ಬಂದ ಪಿಎಸ್‌ಐ ಮಂಡ್ಯದ ಕಡೆಯವರು. ಮೂವತ್ತರ ಆಸುಪಾಸು. ಎಲ್ಲರನ್ನೂ ಬಹುವಚನದಲ್ಲಿ ಮಾತಾಡಿಸುವ, ಊಟಕ್ಕೆ ರೊಟ್ಟಿ ಕಂಡರೆ ಮುಖ ಸಣ್ಣದು ಮಾಡುವ ಮನುಷ್ಯ. ಬಂದು ಆರು ವಾರವಾಗಿತ್ತು.

ಮುಸರ್ರತ ಹುಟ್ಟಿದ್ದು ಭಾಲ್ಕಿಯಲ್ಲಿ. ತಂದೆ ಅಬ್ದುಲ ಸಮದ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮನೆಯಲ್ಲಿ ದಖ್ಖನಿ ಉರ್ದು ಮಾತಾಡಿದರೂ ಮಗಳನ್ನು ಹಟ ಹಿಡಿದು ಕನ್ನಡ ಶಾಲೆಗೆ ಹಾಕಿದವರು. “ಸರಕಾರದ ಕಾಗದ ಕನ್ನಡದಾಗ ಬರ್ತದ. ಅದನ್ನ ಓದಿಸಾಕ ನನ್ನ ಮಗಳು ಇನ್ನೊಬ್ಬರ ಮನಿ ಬಾಗಲಿಗಿ ಹೋಗಬಾರದು” ಎಂಬುದು ಅವರ ವಾದ. ಮದುವೆಯಾಗಿ ಬಂದದ್ದು ಬೀದರಿನ ಕೋಟೆಯ ಕಡೆಯ ಹಳೆ ಊರಿಗೆ. ಗಂಡ ಅಜರ ಅಲ್ಲಿ ನೀರಿನ ಮೋಟಾರ್ ವೈಂಡಿಂಗ್ ಮಾಡುವ ಅಂಗಡಿ ಇಟ್ಟಿದ್ದಾರೆ. ವಾರಕ್ಕೊಮ್ಮೆ ಬಸ್ಸಿನಲ್ಲಿ ಬೀದರಿಗೆ ಹೋಗಿ ಬರುವುದು ಆಕೆಯ ರೂಢಿ. ಚುನಾವಣೆ ಬಂದರೆ ಅದೂ ಇಲ್ಲ.

ಔರಾದಿನಲ್ಲಿ ಆಕೆಗೆ ಒಬ್ಬ ನೆಂಟ ಇದ್ದರು. ತಾಯಿಯ ತಮ್ಮ ಬಾಬುಮಿಯಾ. ಕಟ್ಟಿಗೆ ಅಡ್ಡೆಯ ಮಾಲೀಕ, ವಿರೋಧ ಪಕ್ಷದ ತಾಲ್ಲೂಕು ಮುಖಂಡ, ಪರವಾನಗಿ ಇರುವ ರಿವಾಲ್ವರಿನ ಒಡೆಯ. ಚುನಾವಣೆ ಘೋಷಣೆಯಾದ ಮರುದಿನ ಬೆಳಿಗ್ಗೆ ಎಂಟಕ್ಕೆ ಮುಸರ್ರತ ಮಾಡಿದ ಮೊದಲ ಫೋನ್ ಅವರಿಗೆ. ಹತ್ತಕ್ಕೆ ಅವರು ಐದಾರು ಜನರ ಜೊತೆ ಬಂದರು.

“ಕ್ಯಾ ಬೇಟಿ, ಮಾಮೂಕುಚ್ ಪಹಲೇ?” ಮಾಮುವಿನದೇ ಮೊದಲು ಬೇಕಿತ್ತೇ ಎಂದು ರಿವಾಲ್ವರನ್ನು ಮೇಜಿನ ಮೇಲಿಟ್ಟರು.

“ಹೌದ್ರಿ ಮಾಮು. ನಿಮ್ಮದು ಮೊದಲು ಬರಲಿಲ್ಲಂದ್ರ ಉಳಿದವ್ರನ್ನ ಕೇಳಾಕ ನನಗ ಮಾರಿ ಇರಂಗಿಲ್ಲ.”

“ಮನಿಗಿ ಬಂದು ಬಿರ್ಯಾನಿ ತಿನ್ನೋ ಮುಂದ ಈ ಕಾಯ್ದೆ ಎಲ್ಲಿರ್ತದ?”

“ಬಿರ್ಯಾನಿಗಿ ಲೈಸೆನ್ಸ್ ಬೇಕಾಗಿಲ್ಲರಿ. ಮತ್ತ ಇನ್ನ ಮ್ಯಾಲ ಫಲಿತಾಂಶ ಬರೋ ತನಕ ನಾ ನಿಮ್ಮ ಮನಿಗಿ ಬರಂಗಿಲ್ಲ. ಮಾಮಿಗಿ ಹೇಳ್ರಿ.”

ರಸೀದಿ ಸಂಖ್ಯೆ 1 ಬಾಬುಮಿಯಾರ ಹೆಸರಿನಲ್ಲಿ ಹರಿಯಿತು. ಆ ಸಲ ರಂಜಾನ್ ಹಬ್ಬ ಪ್ರಚಾರದ ನಡುವೆಯೇ ಬಂತು. ಮಾಮಿ ಡಬ್ಬಿಯಲ್ಲಿ ಶೀರ್ ಖುರ್ಮಾ ಕಳಿಸಿದರೆ ಅದು ಠಾಣೆಯ ಗೇಟಿನಿಂದಲೇ ವಾಪಸ್ ಹೋಯಿತು. ಮಾಮಿ ಇವತ್ತಿಗೂ ಸರಿಯಾಗಿ ಮಾತಾಡುವುದಿಲ್ಲ.

ಆರನೆಯ ದಿನ ಅರವತ್ತೆರಡು ಬಂದೂಕು ಬಂದಿದ್ದವು. ಆ ಮಧ್ಯಾಹ್ನ ಒಂದು ಬಿಳಿ ಜೀಪು ಬಂತು. ಇಳಿದವನು ವೀರಭದ್ರ ಸಾಹುಕಾರರ ಡ್ರೈವರ್ ಫಿರೋಜ. ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಪರವಾನಗಿ ಪುಸ್ತಕ, ಮತ್ತೇನೂ ಇಲ್ಲ.

“ಬಾಜಿ, ಸಾಹುಕಾರ್ರು ರಸೀದಿ ತರಾಕ ಹೇಳ್ಯಾರ.” ಅಕ್ಕ ಎನ್ನಲು ಅವನು ಬಾಜಿ ಎನ್ನುತ್ತಿದ್ದ.

“ಬಂದೂಕ?”

“ಮನ್ಯಾಗ ಅದ.”

“ಹಂಗಾರ ರಸೀದಿ ನನ್ನ ಹತ್ರಾನೇ ಇರ್ಲಿ.”

ಫಿರೋಜ ತಲೆ ಕೆರೆದುಕೊಂಡ. “ದರ ಸಲ ಹಿಂಗ ನಡೀತದಲ್ಲ ಬಾಜಿ. ಮನಿ ಜಮಾ.”

ಆ ಮಾತು ಅವನು ಹುಟ್ಟಿಸಿದ್ದಲ್ಲ. ದೊಡ್ಡವರ ಬಂದೂಕು ಮನೆಯ ಗೋಡೆ ಬಿಟ್ಟು ಇಳಿಯುವುದಿಲ್ಲ. ಪುಸ್ತಕ ಮಾತ್ರ ಠಾಣೆಗೆ ಬರುತ್ತದೆ, ರಸೀದಿ ಹೋಗುತ್ತದೆ, ರಿಜಿಸ್ಟರಿನಲ್ಲಿ ಬಂದೂಕು ಒಳಗೆ ಬಂದಂತೆ ಬರೆಯುತ್ತಾರೆ. ಇದಕ್ಕೆ ಮನಿ ಜಮಾ ಎಂದು ಹೆಸರು. ಆಕೆ ಈ ಠಾಣೆಗೆ ಬಂದು ಎರಡೇ ವರ್ಷ. ಹಿಂದಿನ ರಿಜಿಸ್ಟರುಗಳಲ್ಲಿ ಸಾಹುಕಾರರ ಬಂದೂಕು ಪ್ರತಿ ಚುನಾವಣೆಯಲ್ಲೂ ಒಪ್ಪಿಸಿದ್ದಾಗಿ ಬರೆದಿತ್ತು.

ಆದರೆ ಮನಿ ಜಮಾ ಎಂದರೇನು ಎಂಬುದು ಮುಸರ್ರತ ಅವರಿಗೆ ಫಿರೋಜನಿಗಿಂತ ಚೆನ್ನಾಗಿ ಗೊತ್ತಿತ್ತು. ಹದಿನೈದು ವರ್ಷದ ಹಿಂದೆ, ಭಾಲ್ಕಿಯ ಕಡೆಯ ಒಂದು ಠಾಣೆಯಲ್ಲಿ, ಅಂಥದೊಂದು ರಸೀದಿಯನ್ನು ತನ್ನ ಕೈಯಿಂದಲೇ ಬರೆದಿದ್ದರು.

ಆಗ ಆಕೆ ಕಾನ್‌ಸ್ಟೇಬಲ್. ಅಕ್ಷರ ದುಂಡಗಿದೆ ಎಂದು ರೈಟರ್ ಪಕ್ಕದಲ್ಲಿ ಕೂರಿಸಿದ್ದರು. ಹೇಳಿದ್ದನ್ನು ಬರೆದರು, ಬಂದೂಕು ನೋಡಲಿಲ್ಲ. ಫಲಿತಾಂಶದ ಸಂಜೆ ಗೆದ್ದವರ ಮೆರವಣಿಗೆಯಲ್ಲಿ ಯಾರೋ ಗಾಳಿಯಲ್ಲಿ ಎರಡು ಗುಂಡು ಹಾರಿಸಿದರು. ಓಣಿಯ ಒಂದು ಮಾಳಿಗೆಯ ಮೇಲೆ ನಿಂತು ನೋಡುತ್ತಿದ್ದ ಸುವರ್ಣಾ ಎಂಬ ಹೊಲಿಗೆಯ ಹೆಂಗಸಿನ ಬಲಗೈಗೆ ಛರ್ರೆಯ ಸೀಸದ ಕಾಳುಗಳು ಹೊಕ್ಕವು. ಬಂದೂಕು ಯಾರದೆಂದು ಓಣಿಗೆಲ್ಲ ಗೊತ್ತಿತ್ತು. ತನಿಖೆ ನಡೆದಾಗ ಬಂದೂಕಿನ ಒಡೆಯ ಜೇಬಿನಿಂದ ರಸೀದಿ ತೆಗೆದು ತೋರಿಸಿದ. ರಸೀದಿಯ ಪ್ರಕಾರ ಅವತ್ತು ಬಂದೂಕು ಠಾಣೆಯ ಕೋಣೆಯಲ್ಲಿತ್ತು. ಪಟಾಕಿಯಿಂದಾದ ಗಾಯ ಎಂದು ಪ್ರಕರಣ ಮುಗಿಯಿತು.

“ನಾ ಬರದದ್ದು ಸುಳ್ಳಂತ ಹೇಳಬೌದಿತ್ತು,” ಎನ್ನುತ್ತಾರೆ ಮುಸರ್ರತ. “ಹಿರಿಯ ರೈಟರ್ ಸುಮ್ಮನಿರು ಅಂದ್ರು. ಸಣ್ಣ ನೌಕರಿ. ಸುಮ್ಮನಿದ್ದೆ.”

ಆರು ತಿಂಗಳ ಮೇಲೆ ಆಕೆ ಮಾಮೂಲಿ ಬಟ್ಟೆಯಲ್ಲಿ ಸುವರ್ಣಾರ ಮನೆಗೆ ಹೋದರು, ಕುಪ್ಪಸ ಹೊಲಿಸುವ ನೆಪದಲ್ಲಿ. ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಕತ್ತರಿಯನ್ನು ಎಡಗೈಯಲ್ಲಿ ಹಿಡಿಯುವುದನ್ನು ಸುವರ್ಣಾ ಕಲಿಯುತ್ತಿದ್ದರು. ರಸೀದಿ ಬರೆದದ್ದು ತಾನೇ ಎಂದು ಮುಸರ್ರತ ಹೇಳಿದರು. ಸುವರ್ಣಾ, “ಬಂದೂಕ ಠಾಣ್ಯಾಗಿತ್ತಂತ ನೀವೇ ಬರದ್ರಿ. ಹಂಗಾದ್ರ ನನಗ ಹೊಡದದ್ದು ಠಾಣಿನೇ” ಎಂದರು. ಆದರೂ ಕುಪ್ಪಸದ ಅಳತೆ ತೆಗೆದುಕೊಂಡರು. ಆವತ್ತಿನಿಂದ ಮುಸರ್ರತ ಬೇರೆ ಯಾರ ಹತ್ತಿರವೂ ಹೊಲಿಸಿಲ್ಲ.

ಫಿರೋಜ ಬರಿಗೈಯಲ್ಲಿ ಹೋದ ಎರಡು ದಿನಕ್ಕೆ ವೀರಭದ್ರ ಸಾಹುಕಾರರು ತಾವೇ ಬಂದರು. ಮಾಜಿ ಜಿಲ್ಲಾ ಪಂಚಾಯಿತಿ ಸದಸ್ಯರು, ತೊಗರಿ ಬೇಳೆಯ ಮಿಲ್ಲಿನ ಒಡೆಯರು, ಆಳುವ ಪಕ್ಷದವರು. ಹಣೆಯ ಮೇಲೆ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ದನಿ ಎತ್ತಿ ಮಾತಾಡುವವರಲ್ಲ. ಪಿಎಸ್‌ಐ ಸಾಹೇಬರು ಚೆಕ್‌ಪೋಸ್ಟಿಗೆ ಹೋಗಿದ್ದರು. ಸಾಹುಕಾರರು ಅವರ ಕುರ್ಚಿಯಲ್ಲೇ ಕೂತು ಚಹಾ ತರಿಸಿಕೊಂಡರು.

“ಬಾಯಿ, ಅದು ನಮ್ಮ ಮುತ್ತ್ಯಾನ ಕಾಲದ ಬಂದೂಕ. ನಿಜಾಮರ ರಾಜ್ಯದಾಗ ತಗೊಂಡದ್ದು. ನಮ್ಮ ಮನಿ ಹೆಣ್ಮಕ್ಕಳನ್ನ ಠಾಣಿಗಿ ಕಳಿಸಿದ್ದಿಲ್ಲ. ಬಂದೂಕ ಹ್ಯಾಂಗ ಕಳಸಲಿ?”

“ಹೆಣ್ಮಕ್ಕಳ ಮ್ಯಾಲ ನೀತಿ ಸಂಹಿತೆ ಇಲ್ಲರಿ ಸಾಹುಕಾರ್ರೆ. ಬಂದೂಕಿನ ಮ್ಯಾಲ ಅದ.”

ಚಹಾ ತಂದಿದ್ದ ಹೋಟೆಲಿನವನು ಬಾಯಿಗೆ ಅಂಗಿ ತೋಳು ಒತ್ತಿಕೊಂಡು ಹೊರಗೆ ನಡೆದ.

“ನನಗ ಗೊತ್ತದ ನೀವು ಯಾರ ಸಲುವಾಗಿ ಇದು ಮಾಡ್ಲಿಕ್ಕತ್ತೀರಂತ. ಬಾಬುಮಿಯಾ ನಿಮ್ಮ ಸ್ವಂತ ಮಾಮಾ.”

“ಹೌದ್ರಿ.”

“ನನ್ನ ಮನಿಯಿಂದ ಬಂದೂಕ ಇಳಿತಂದ್ರ ಊರಾಗ ಅವ ಮೀಸಿ ತಿರವತಾನ. ಅಷ್ಟ ಬೇಕು ನಿಮಗ.”

“ಮಾಮುಂದು ಮೊದಲನೇ ದಿನಾನೇ ಇಳದದ್ರಿ. ಅವರ ಮೀಸಿ ಇದ್ದಷ್ಟ ಅದ.”

ಸಾಹುಕಾರರು ಎದ್ದರು. ಬಾಗಿಲಲ್ಲಿ ನಿಂತು, “ಜಾಗ ಬದಲಾದ್ರ ನೀರು ಹಿಡಸ್ತದೇನ್ರಿ ನಿಮಗ?” ಎಂದು ವಿಚಾರಿಸಿದರು.

“ಪೊಲೀಸರಿಗಿ ಎಲ್ಲಿ ನೀರೂ ಹಿಡಸ್ತದ್ರಿ. ನಿಮ್ಮ ಚಹಾ ಹಂಗ ಉಳೀತು.”

ಮರುದಿನ ಭಾಲ್ಕಿಯ ಉಪವಿಭಾಗಕ್ಕೂ ಬೀದರಿನ ಜಿಲ್ಲಾ ಕಚೇರಿಗೂ ಒಂದು ದೂರು ಹೋಯಿತು. ಸದರಿ ಹೆಡ್ ಕಾನ್‌ಸ್ಟೇಬಲ್ ವಿರೋಧ ಪಕ್ಷದ ಮುಖಂಡರ ರಕ್ತ ಸಂಬಂಧಿ, ಅವರ ಪರವಾಗಿ ಕೆಲಸ ಮಾಡುತ್ತಿದ್ದಾರೆ, ತಕ್ಷಣ ಬೇರೆಡೆಗೆ ಕಳಿಸಬೇಕು. ಕೆಳಗೆ ಹನ್ನೊಂದು ಸಹಿಗಳು, ಮೊದಲನೆಯದು ಸಾಹುಕಾರರದು. ರಕ್ತ ಸಂಬಂಧ ಎಂಬುದೊಂದೇ ಅದರಲ್ಲಿದ್ದ ನಿಜ. ಬಾಬುಮಿಯಾ ಅದೇ ಸಂಜೆ ಫೋನ್ ಮಾಡಿ, ತಮ್ಮ ಪಕ್ಷದ ವಕೀಲರನ್ನು ಕಳಿಸುತ್ತೇನೆ ಎಂದರು. “ನಕ್ಕೋ ಮಾಮು, ಬ್ಯಾಡ” ಎಂದು ಮುಸರ್ರತ ಫೋನ್ ಇಟ್ಟರು. ದೂರು ಸುಳ್ಳೆಂದು ಸಾಧಿಸಲು ಮಾಮುವಿನ ವಕೀಲರು ಬಂದರೆ ದೂರು ನಿಜವಾಗುತ್ತಿತ್ತು.

ಬಂದೂಕು ಒಪ್ಪಿಸಿಕೊಂಡ ಬಗ್ಗೆ ಠಾಣೆಯ ವರದಿ ಭಾಲ್ಕಿಗೆ ತಲುಪಲು ಕೊನೆಯ ದಿನ ಬಂತು. ಸಂಜೆ ಐದರೊಳಗೆ ಹೋಗಬೇಕು. ಮೂರು ಗಂಟೆಗೆ ಪಿಎಸ್‌ಐ ಆಕೆಯನ್ನು ಒಳಗೆ ಕರೆದರು.

“ಮೇಡಂ, ಅರವತ್ಮೂರು ಅಂತ ಬರೆದುಬಿಡಿ. ಗನ್ನು ನಾಳೆ ನಾಡಿದ್ದರಲ್ಲಿ ತಂದುಕೊಡ್ತಾರಂತೆ. ಫೋನ್ ಬಂದಿತ್ತು.”

“ಯಾರ ಫೋನ್ರಿ ಸರ್?”

ಅವರು ತಲೆ ಎತ್ತಿ ಫ್ಯಾನ್ ನೋಡಿದರು.

“ನಾಳಿ ಬಂದ್ರ ನಾಳಿ ಅರವತ್ಮೂರು ಬರೀತೇನ್ರಿ. ಇವತ್ತು ಅರವತ್ತೆರಡು.”

“ನನಗೆ ಈ ಊರು ಹೊಸದು ಮೇಡಂ. ಅರ್ಥ ಮಾಡ್ಕೊಳ್ಳಿ. ಇಲ್ಲಿ ಯಾರು ಏನು ಅಂತಲೇ ನನಗೆ ಗೊತ್ತಿಲ್ಲ.”

“ಊರು ಹೊಸದಿರಬೌದ್ರಿ ಸರ್. ಎಣಿಸೋದು ಎಲ್ಲಾ ಊರಾಗ ಒಂದೇ.” ಸೊಂಟದಿಂದ ಚಾವಿ ಬಿಚ್ಚಿ ಅವರ ಮುಂದಿಟ್ಟರು. “ಯಾರು ಏನಂತ ಗೊತ್ತಿಲ್ಲಂದ್ರ ಚಲೋನೇ ಆತು. ನಿಮ್ಮನ್ನ ಅದಕ್ಕೇ ಇಲ್ಲಿ ತಂದು ಹಾಕ್ಯಾರ. ಹೋಗಿ ಎಣಿಸ್ರಿ. ಅರವತ್ಮೂರು ಆದ್ರ ನನ್ನ ಕೈಲೇ ಬರೀತೇನಿ.”

ಠಾಣೆಯಲ್ಲಿ ಆಗ ಮೂರು ಜನ ಸಿಬ್ಬಂದಿ ಇದ್ದರು. ಯಾರೂ ತಲೆ ಎತ್ತಲಿಲ್ಲ, ಆದರೆ ಯಾರೂ ಬರೆಯುತ್ತಲೂ ಇರಲಿಲ್ಲ. ಪಿಎಸ್‌ಐ ಚಾವಿ ತೆಗೆದುಕೊಂಡು ಹಿಂದಿನ ಕೋಣೆಗೆ ಹೋದರು. ಹದಿನೈದು ನಿಮಿಷ ಹೊರಗೆ ಬರಲಿಲ್ಲ. ಬಂದಾಗ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು, ಕೈಗೆಲ್ಲ ತುಕ್ಕು.

“ಎರಡು ಸಲ ಎಣಿಸಿದೆ,” ಎಂದರು.

ವರದಿಯಲ್ಲಿ ಅರವತ್ತೆರಡು ಎಂದೇ ಹೋಯಿತು. ಕೆಳಗೆ ಒಂದು ಸಾಲು: ಉಳಿದ ಒಂದು ಪರವಾನಗಿದಾರರು ಇಂತಿಂಥ ತಾರೀಖು ಮೂರು ಸಲ ಸೂಚಿಸಿದರೂ ಒಪ್ಪಿಸಿಲ್ಲ. ಸಾಹುಕಾರರ ಹೆಸರನ್ನೂ ಪರವಾನಗಿ ಸಂಖ್ಯೆಯನ್ನೂ ಬರೆದರು. ಪಿಎಸ್‌ಐ ಸಹಿ ಹಾಕಿ, ಪೆನ್ನು ಇಟ್ಟು, “ನಿಮ್ಮನ್ನ ಎತ್ತಂಗಡಿ ಮಾಡ್ತಾರೆ ಅಕ್ಕ” ಎಂದರು. ಅಕ್ಕ ಎಂದದ್ದು ಅವತ್ತೇ ಮೊದಲು.

“ಗೊತ್ತದ್ರಿ.”

ಎರಡನೆಯ ದಿನಕ್ಕೆ ಆದೇಶ ಬಂತು. ನೀತಿ ಸಂಹಿತೆಯ ಕಾಲದಲ್ಲಿ ವರ್ಗಾವಣೆ ಮಾಡುವುದು ಸುಲಭವಲ್ಲ. ಅದಕ್ಕೆ ಒಒಡಿ ಎಂಬ ದಾರಿಯಿದೆ: ನೌಕರಿ ಇದೇ ಠಾಣೆಯದು, ಕೆಲಸ ಮಾತ್ರ ಬೇರೆ ಕಡೆ. ಆಕೆಯನ್ನು ಬೀದರಿನ ಕಂಟ್ರೋಲ್ ರೂಮಿಗೆ ಕಳಿಸಿದ್ದರು. ಆಕೆಯ ಜಾಗಕ್ಕೆ ಬಂದವರು ಹೆಡ್ ಕಾನ್‌ಸ್ಟೇಬಲ್ ತುಕಾರಾಮ. ಅವರನ್ನು ಕೇಳಿ ಹಾಕಿಸಿಕೊಂಡದ್ದು ವೀರಭದ್ರ ಸಾಹುಕಾರರೇ ಎಂಬುದನ್ನು ಯಾರೂ ಮುಚ್ಚಿಡಲಿಲ್ಲ. ತುಕಾರಾಮರ ಅಣ್ಣ ಬೇಳೆ ಮಿಲ್ಲಿನಲ್ಲಿ ಕೂಲಿಯಾಳುಗಳ ಮುಕಾದಮ.

ಆದರೆ ರೈಟರ್ ಜಾಗ ಬಿಡುವಾಗ ಒಂದು ಕ್ರಮವಿದೆ. ಕೋಣೆಯಲ್ಲೂ ಅಂಗಳದಲ್ಲೂ ಇರುವ ಪ್ರತಿಯೊಂದು ವಸ್ತುವನ್ನೂ ಹೋಗುವವರು ತೋರಿಸಿ ಕೊಡಬೇಕು, ಬಂದವರು ಮುಟ್ಟಿ ನೋಡಿ ತೆಗೆದುಕೊಳ್ಳಬೇಕು, ಚಾರ್ಜ್ ಪಟ್ಟಿಗೆ ಇಬ್ಬರೂ ಸಹಿ ಹಾಕಬೇಕು. ಸಹಿಯಾದ ಮೇಲೆ ಒಂದು ಮೊಳೆ ಕಡಿಮೆಯಾದರೂ ಹೊಣೆ ಬಂದವರದು. ಪೊಲೀಸರು ಕಳ್ಳನಿಗೆ ಹೆದರದಿದ್ದರೂ ಈ ಪಟ್ಟಿಗೆ ಹೆದರುತ್ತಾರೆ.

ಬೆಳಿಗ್ಗೆ ಹತ್ತಕ್ಕೆ ಶುರುವಾಯಿತು. ಜಪ್ತಿಯಾದ ಕಳ್ಳಭಟ್ಟಿಯ ಕ್ಯಾನುಗಳು, ಒಂಬತ್ತು ಮೋಟರ್ ಸೈಕಲ್, ಒಂದು ಮರಳಿನ ಟ್ರ್ಯಾಕ್ಟರ್, ಜೂಜಾಟದ ಎಲೆಗಳು. ಮಧ್ಯಾಹ್ನದ ಹೊತ್ತಿಗೆ ಬಂದೂಕುಗಳ ಸರದಿ. ತುಕಾರಾಮ ಒಂದೊಂದಾಗಿ ಚೀಟಿ ಓದುತ್ತ ಹೋದರು. ಅರವತ್ತೆರಡಕ್ಕೆ ನಿಂತರು. ಅದೇ ಹೊತ್ತಿಗೆ ಅವರ ಫೋನ್ ರಿಂಗಾಯಿತು. ಬೇವಿನ ಮರದ ಕೆಳಗೆ ಹೋಗಿ ಮಾತಾಡಿ ಬಂದರು.

“ಬಾಯಿ, ಪಟ್ಟಿಯಾಗ ಅರವತ್ಮೂರಂತ ಬರೀರಿ ಅಂತ ಹೇಳ್ಯಾರ.”

“ಬರಕೋರಿ.”

ತುಕಾರಾಮ ನಂಬಲಿಲ್ಲ. “ಖರೇನ?”

“ಖರೇನ. ಕೊಟ್ಟದ್ದು ಅರವತ್ತೆರಡಂತ ನಾ ಸಹಿ ಮಾಡ್ತೇನಿ. ತಗೊಂಡದ್ದು ಅರವತ್ಮೂರಂತ ನೀವು ಸಹಿ ಮಾಡ್ರಿ. ಎಲೆಕ್ಷನ್ ಮುಗದ ಮ್ಯಾಲ ಆ ಒಂದು ಬಂದೂಕ ಎಲ್ಲದ ಅಂತ ಯಾರರೆ ಕೇಳಿದ್ರ, ಸಾಹುಕಾರ್ರ ಮನ್ಯಾಗ ಅದ ಅಂತೀರೋ, ಠಾಣ್ಯಾಗಿಂದ ಕಳುವಾಗ್ಯದ ಅಂತೀರೋ, ಈಗೇ ವಿಚಾರ ಮಾಡಿ ಇಟ್ಕೋರಿ.”

ತುಕಾರಾಮರಿಗೆ ನಿವೃತ್ತಿಗೆ ಆರು ವರ್ಷ ಉಳಿದಿತ್ತು. ಅಂಗಳಕ್ಕೆ ಬಂದು ಟ್ರ್ಯಾಕ್ಟರಿನ ಚಕ್ರದ ಮೇಲೆ ಕೂತರು. ಟೊಪ್ಪಿಗೆ ತೆಗೆದು ಗಾಳಿ ಹಾಕಿಕೊಂಡರು. ಆಮೇಲೆ ತಾವೇ ಫೋನ್ ಹಚ್ಚಿದರು. ಈ ಸಲ ಮರದ ಕೆಳಗೆ ಹೋಗಲಿಲ್ಲ.

“ಸಾಹುಕಾರ್ರೆ, ನೀವೇ ನನ್ನ ಇಲ್ಲಿ ತಂದ್ರಿ, ಉಪಕಾರ ಅದ. ಆದ್ರ ಕಾಣದ ಬಂದೂಕಿಗಿ ಸಹಿ ಮಾಡಿದ್ರ ನನ್ನ ನೌಕರಿ ಹೋಗ್ತದ. ಆಮ್ಯಾಲ ನಾನೂ ನಮ್ಮ ಅಣ್ಣಾನೂ ಇಬ್ರೂ ನಿಮ್ಮ ಮಿಲ್ಲಿನಾಗ ಚೀಲ ಹೊರಬೇಕಾಗ್ತದ... ಇಲ್ಲರಿ... ಇಲ್ಲರಿ, ಬಾಯಿ ಕಲಿಸಿ ಕೊಟ್ಟದ್ದಲ್ಲ... ನನಗೂ ಎಣಿಕಿ ಬರ್ತದ್ರಿ... ಕಳಿಸಿಬಿಡ್ರಿ. ವರದಿಯಾಗ ನಿಮ್ಮ ಹೆಸರು ಹೋಗ್ಯದ. ಇನ್ನ ಲೈಸೆನ್ಸೇ ರದ್ದಾದ್ರ ಗ್ವಾಡಿ ಮ್ಯಾಲ ಬರೇ ಮೊಳಿ ಉಳೀತದ.”

ಪಟ್ಟಿಯಲ್ಲಿ ಅರವತ್ತೆರಡು ಎಂದು ಬರೆದರು. ಇಬ್ಬರೂ ಸಹಿ ಹಾಕಿದರು. ಚಾವಿ ಕೈ ಬದಲಾಯಿಸಿತು.

ಮುಸರ್ರತ ಚೀಲ ಹೆಗಲಿಗೆ ಹಾಕಿಕೊಂಡು ರಸ್ತೆಯಾಚೆ ಬೀದರ್ ಬಸ್ಸಿಗೆ ನಿಂತಿದ್ದಾಗ ಬಿಳಿ ಜೀಪು ಬಂತು. ಫಿರೋಜ ಇಳಿದ. ಎರಡು ನಳಿಗೆಯ ಬಂದೂಕು ಕೆಂಪು ಮಖಮಲ್ಲಿನ ಗವಸಿನಲ್ಲಿತ್ತು. ಆಕೆಯನ್ನು ಕಂಡು ರಸ್ತೆ ದಾಟಿ ಬಂದ.

“ಬಾಜಿ, ತಗೋರಿ. ತಂದೀನಿ.”

“ನಾ ಈಗ ರೈಟರ್ ಅಲ್ಲ. ಒಳಗ ಹೋಗು.”

ಬಸ್ಸು ಬಂದು ಹೋಯಿತು. ಆಕೆ ಹತ್ತಲಿಲ್ಲ. ಫಿರೋಜನ ಹಿಂದೆ ಠಾಣೆಯ ಬಾಗಿಲವರೆಗೆ ಹೋಗಿ ಹೊರಗಿನವರಂತೆ ನಿಂತರು. ತುಕಾರಾಮ ಗವಸು ತೆಗೆದು ನಳಿಗೆ ಮಡಚಿ ತೆರೆದರು, ಕಣ್ಣು ಹತ್ತಿರ ಒಯ್ದರು, ತಟ್ಟನೆ ಹಿಂದೆ ಸರಿದರು. ಎರಡೂ ನಳಿಗೆಯಲ್ಲಿ ತೋಟಾ ಇತ್ತು.

“ಲೇ, ತುಂಬ್ಯದಲ್ಲೋ!”

“ನನಗೇನ್ ಗೊತ್ರಿ,” ಎಂದ ಫಿರೋಜ. ಕುಣಿಯುವ ಜೀಪಿನಲ್ಲಿ ಹನ್ನೆರಡು ಕಿಲೋಮೀಟರು ಅದನ್ನು ಪಕ್ಕದ ಸೀಟಿನ ಮೇಲೆ ಮಲಗಿಸಿಕೊಂಡು ಬಂದಿದ್ದ.

“ಅದನ್ನೂ ದಿನಚರ್ಯಾಗ ಬರೀರಿ ತುಕಾರಾಮ,” ಎಂದು ಮುಸರ್ರತ ಬಾಗಿಲಿನಿಂದಲೇ ಹೇಳಿದರು. “ಎರಡು ತೋಟಾ, ತುಂಬಿದ ಸ್ಥಿತಿಯಾಗ.”

ತುಕಾರಾಮ ಬರೆದರು. ಚೀಟಿಯ ಮೇಲೆ 63 ಎಂದು ಬರೆದು ಸುತಳಿ ಕಟ್ಟಿ, ಅದೇ ಸಂಖ್ಯೆಯ ರಸೀದಿ ಹರಿದುಕೊಟ್ಟರು. ಅದು ಮುಗಿದ ಮೇಲೆ ಆಕೆ ಮುಂದಿನ ಬಸ್ಸಿಗೆ ಹೋದರು.

ಚುನಾವಣೆ ನಡೆಯಿತು. ಫಲಿತಾಂಶದ ದಿನ ಮುಸರ್ರತ ಬೀದರಿನ ಕಂಟ್ರೋಲ್ ರೂಮಿನಲ್ಲಿ ವೈರ್‌ಲೆಸ್ ಎದುರು ಕೂತಿದ್ದರು. ತನ್ನ ಹಳೆಯ ಠಾಣೆಯ ಹದ್ದಿಯಿಂದ ಎರಡು ಮೆರವಣಿಗೆ, ಒಂದು ಬ್ಯಾನರ್ ಜಗಳ, ಡಿಜೆ ಬಂದ್ ಮಾಡಿಸಿದ ಸುದ್ದಿ ಬಂದವು. ಬೇರೆ ಏನೂ ಬರಲಿಲ್ಲ. ಆಕೆ ರಾತ್ರಿ ಪಾಳಿಯವರು ಬಂದ ಮೇಲೂ ಅರ್ಧ ತಾಸು ಅಲ್ಲೇ ಕೂತಿದ್ದರು ಎಂದು ಸಹೋದ್ಯೋಗಿಗಳು ಹೇಳುತ್ತಾರೆ.

ಬಂದೂಕು ಮರಳಿ ಒಯ್ಯಲು ಬಂದ ಮಡೆಪ್ಪನಿಗೆ ತುಕಾರಾಮ ಒಳಗೆ ಕರೆದು ತೋರಿಸಿದರಂತೆ. ಜಾಗ ಸಾಲದೆ ಬೆಳ್ಳಿ ಕಟ್ಟಿದ ಎರಡು ನಳಿಗೆಯದನ್ನು ಮಡೆಪ್ಪನ ಒಂಟಿ ನಳಿಗೆಯ ಬಾಜುವಿಗೇ ಒರಗಿಸಿದ್ದರು. “ಒಂದೂವರೆ ತಿಂಗಳು ಸಾಹುಕಾರ್ರ ಜೋಡಿ ಇತ್ತಲ್ಲ, ಇನ್ನ ಇದು ಹಂದಿ ಮುಂದ ಕೆಮ್ಮಂಗಿಲ್ಲ, ಭಾಷಣ ಮಾಡ್ತದ” ಎಂದು ಮಡೆಪ್ಪ ಊರಿಡೀ ಹೇಳಿಕೊಂಡು ತಿರುಗಿದ.

ರಜೆಯ ದಿನ ಮುಸರ್ರತ ಭಾಲ್ಕಿಗೆ ಹೋದರು. ಸುವರ್ಣಾ ಈಗ ಎಡಗೈಯಲ್ಲೇ ಕತ್ತರಿ ಹಿಡಿದು ಸಲೀಸಾಗಿ ಕತ್ತರಿಸುತ್ತಾರೆ. ನಡೆದದ್ದನ್ನೆಲ್ಲ ಕೇಳಿ, ಬಾಯಲ್ಲಿದ್ದ ಗುಂಡುಸೂಜಿ ತೆಗೆದು, “ಒಂದು ಬಂದೂಕ ಒಳಗ ಹಾಕಾಕ ಹದಿನೈದು ವರ್ಷ ಬೇಕಾತೇನ್ರಿ ನಿಮಗ?” ಎಂದರು. ಕುಪ್ಪಸ ಕೊಡುವಾಗ, “ಮುಂದಿನ ಎಲೆಕ್ಷನ್‌ಗೂ ಅಲ್ಲೇ ಇರ್ರಿ” ಎಂದು ಸೇರಿಸಿದರು.

ಆ ಠಾಣೆಗೆ ಮರಳಿ ಹೋಗುವುದು ಇನ್ನೂ ನಿರ್ಧಾರವಾಗಿಲ್ಲ. ಹನ್ನೊಂದು ಸಹಿಯ ದೂರು ಜೀವಂತವಾಗಿದೆ. ಸಂಬಂಧಿಕರ ಪರವಾಗಿ ಪಕ್ಷಪಾತ ತೋರಿದ ಆರೋಪಕ್ಕೆ ಏಳು ದಿನದೊಳಗೆ ಲಿಖಿತ ಸಮಜಾಯಿಷಿ ಕೊಡಬೇಕೆಂದು ಆಕೆಗೆ ನೋಟಿಸ್ ಬಂತು. ಉತ್ತರ ತೃಪ್ತಿಕರವಲ್ಲದಿದ್ದರೆ ಎಎಸ್‌ಐ ಬಡ್ತಿ ನಿಲ್ಲುತ್ತದೆ. ಕ್ಷಮೆ ಕೇಳಿ ನಾಲ್ಕು ಸಾಲು ಬರೆದರೆ ಮುಗಿದುಹೋಗುತ್ತದೆ ಎಂದು ಹಿತೈಷಿಗಳು ಹೇಳಿದರು. ಅಜರ ಕೂಡ ಮೋಟಾರಿನ ತಂತಿ ಸುತ್ತುತ್ತ, “ಬರದು ಒಗದ್ಬಿಡು” ಎಂದರಂತೆ.

ಆಕೆ ಬರೆದರು. ಅದೇ ದುಂಡಗಿನ ಅಕ್ಷರ. ಇಪ್ಪತ್ತೆರಡು ವರ್ಷದಲ್ಲಿ ಸಾವಿರಾರು ಪುಟ ಬರೆದ ಕೈಗೆ ಈ ಉತ್ತರಕ್ಕೆ ಅರ್ಧ ಹಾಳೆ ಸಾಕಾಯಿತು. ಜೊತೆಗೆ ಎರಡು ರಸೀದಿಗಳ ನಕಲು ಲಗತ್ತಿಸಿದರು. ಉತ್ತರ ಹೀಗಿದೆ:

“ನನ್ನ ಸೋದರಮಾವನವರ ರಿವಾಲ್ವರಿನ ರಸೀದಿ ಸಂಖ್ಯೆ 1. ದೂರುದಾರರ ಬಂದೂಕಿನ ರಸೀದಿ ಸಂಖ್ಯೆ 63. ನಡುವಿನ ಅರವತ್ತೊಂದು ಜನ ಕರೆದ ಕೂಡಲೇ ಬಂದು ಒಪ್ಪಿಸಿ ಹೋಗಿದ್ದಾರೆ. ನಾನು ಯಾರಿಗೆ ಪಕ್ಷಪಾತ ತೋರಿದೆ ಎಂಬುದನ್ನು ಈ ಅರವತ್ಮೂರು ಜನರನ್ನೂ ಕರೆದು ವಿಚಾರಿಸಬೇಕೆಂದು ಕೋರುತ್ತೇನೆ. ನಾನೂ ಹಾಜರಿರುತ್ತೇನೆ.”